ತಿದ್ದಬೇಕಾದುದು ಮಗನನ್ನೋ, ತಂದೆಯನ್ನೋ?

ಸಲಿಂಗಪ್ರೇಮಿಗಳಾದ ಹದಿಹರೆಯದ ಮಕ್ಕಳನ್ನೂ ಅವರ ಮನೆಯವರನ್ನೂ ಕುರಿತ ಚಲನಚಿತ್ರಗಳು ಪಾಶ್ಚಾತ್ಯ ದೇಶಗಳಲ್ಲಿ ಒಂದರ ಹಿಂದೊಂದು ಬರುತ್ತಿವೆ. ಇವು ಎಳೆಯರ ಬುದ್ಧಿಗೆಡಿಸುತ್ತವೆ, ಕುಟುಂಬಧರ್ಮವನ್ನು ಶಿಥಿಲಗೊಳಿಸುತ್ತವೆ ಎಂಬ ಆಕ್ಷೇಪವನ್ನು ಮೊದಲು ಎತ್ತುವವರು ಧರ್ಮಪೀಠಗಳಲ್ಲಿ ಕುಳಿತ ನಮ್ಮಂಥವರೇ. ಆಕ್ಷೇಪಿಸುವವರಲ್ಲಿ ಚಿತ್ರವನ್ನು ನೋಡಿದವರೆಷ್ಟು ಮಂದಿ? ನೋಡಿದ್ದರೆ, ಅಲ್ಲಿ ವಿಚಾರಣೆಗೆ ಒಳಗಾಗಿರುವವನು ಮಗನಲ್ಲ, ತಂದೆ ಮತ್ತು ಅವನ ಬೋಧಕರು ಎಂಬುದು ತಿಳಿಯುತ್ತಿತ್ತು.

೨೦೧೮ರಲ್ಲಿ ತೆರೆಕಂಡ ಅಮೆರಿಕದ 'ಬಾಯ್ ಇರೇಸ್ಡ್' ಚಿತ್ರವನ್ನೇ ತೆಗೆದುಕೊಳ್ಳಿ. ಗ್ಯಾರಾರ್ಡ್ ಕಾನ್ಲಿ ೨೦೧೬ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಆಧರಿಸಿ ಜೋಯೆಲ್ ಎಡ್ಗರ್ಟನ್ ಇದನ್ನು ನಿರ್ದೇಶಿಸಿದರು. ತಂದೆ ಅರ್ಕಾನ್ಸಾ ರಾಜ್ಯದ ಬ್ಯಾಪ್ಟಿಸ್ಟ್ ಬೋಧಕ. ಮಗನ ಒಲವು ತಿಳಿದೊಡನೆ ಹಿರಿಯ ಬೋಧಕರನ್ನು ಮನೆಗೆ ಕರೆಸುತ್ತಾನೆ. ಬದಲಾಗಲು ಒಪ್ಪುವೆಯಾ ಎಂದು ಮಗನನ್ನು ಕೇಳುತ್ತಾನೆ. ಒಪ್ಪದೆ ಆ ಎಳೆಯನಿಗೆ ಬೇರೆ ದಾರಿಯಾದರೂ ಯಾವುದು?

ಮುಂದಿನದು 'ಪರಿವರ್ತನೆ'ಯ ಶಿಬಿರ. ಅಲ್ಲಿ ವಂಶವೃಕ್ಷವನ್ನು ಬರೆಯಿಸಿ ಹಿರಿಯರ ಪಾಪಗಳನ್ನು ಗುರುತು ಹಾಕಿಸುತ್ತಾರೆ. ಒಬ್ಬ ಹುಡುಗನನ್ನು ಅವನ ಮನೆಯವರಿಂದಲೇ, ಧರ್ಮಗ್ರಂಥದಿಂದಲೇ ಹೊಡೆಯಿಸುತ್ತಾರೆ. ಆತ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಬೋಧಕನ ಮಗನಿಗೆ ತಂದೆಯ ಮೇಲಿನ ದ್ವೇಷವನ್ನು ಹೊರಗೆಡಹು ಎಂದು ಒತ್ತಾಯಿಸುತ್ತಾರೆ. ತನಗೆ ಅಂಥ ದ್ವೇಷವಿಲ್ಲವೆಂದು ಅವನು ನಿರಾಕರಿಸುತ್ತಾನೆ. ಕುಟುಂಬಧರ್ಮವನ್ನು ಉಳಿಸಿದವರಾರು, ಶಿಬಿರದವರೋ, ಈ ಹುಡುಗನೋ?

ಇದು ಬರಿಯ ಸಿನಿಮಾ ಕಲ್ಪನೆ ಎನ್ನುವಂತಿಲ್ಲ. ಕಾನ್ಲಿ ೨೦೦೪ರಲ್ಲಿ ಮೆಂಫಿಸ್ ನಗರದ ಅಂಥ ಕೇಂದ್ರಕ್ಕೆ ನಿಜವಾಗಿಯೂ ಹೋಗಿದ್ದರು. ಅದನ್ನು ಬಹುಕಾಲ ನಡೆಸಿದ ಮುಖ್ಯಸ್ಥರೇ ಆ ಕಾರ್ಯವನ್ನು ತೊರೆದು, ೨೦೧೪ರಲ್ಲಿ ಪುರುಷನೊಬ್ಬನನ್ನು ವಿವಾಹವಾದರು. ಇಂಥ ಸಂಘಟನೆಗಳಲ್ಲಿ ಪ್ರಮುಖವಾದ 'ಎಕ್ಸೋಡಸ್ ಇಂಟರ್‌ನ್ಯಾಷನಲ್' ೨೦೧೩ರಲ್ಲಿ ಕ್ಷಮೆ ಯಾಚಿಸಿ ಬಾಗಿಲು ಮುಚ್ಚಿತು. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು ೧೯೭೩ರಷ್ಟು ಹಿಂದೆ. ನಮ್ಮ ದೇಶದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು; ಇಂಥ 'ಚಿಕಿತ್ಸೆ' ವೃತ್ತಿದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ೨೦೨೨ರಲ್ಲಿ ಸಾರಿತು. ವೈದ್ಯರು ಕೈಬಿಟ್ಟುದನ್ನು ನಾವು ಕೈಗೆತ್ತಿಕೊಳ್ಳಬೇಕೆ?

ನಾವೂ ನಿರ್ದೋಷಿಗಳಲ್ಲ. ಹಲವು ವರ್ಷಗಳ ಹಿಂದೆ ಒಬ್ಬ ಸದ್ಭಕ್ತರು ಮಗನನ್ನು ಕರೆತಂದು ಕಣ್ಣೀರಿಟ್ಟಾಗ, ಬೇಗ ಲಗ್ನ ಮಾಡಿರಿ, ಸರಿಹೋಗುತ್ತಾನೆ ಎಂದು ಆಶೀರ್ವದಿಸಿ ಕಳುಹಿಸಿದೆವು. ತಲೆತಗ್ಗಿಸಿ ನಿಂತ ಆ ಹುಡುಗನನ್ನು ಒಂದು ಮಾತೂ ಕೇಳಲಿಲ್ಲ. ಆ ಆಶೀರ್ವಾದದಿಂದ ಅವನ ಬಾಳಷ್ಟೇ ಅಲ್ಲ, ಏನೂ ಅರಿಯದೆ ಆ ಮನೆಗೆ ಬಂದ ಹೆಣ್ಣುಮಗಳ ಬಾಳೂ ಕೆಟ್ಟಿತು. ಆ ಪಾಪದಲ್ಲಿ ನಮ್ಮ ಪಾಲಿದೆ.

ಚಿತ್ರದ ಕೊನೆಯಲ್ಲಿ ಮಗ ತಂದೆಯೆದುರು ಕುಳಿತು, ತಾನು ಬದಲಾಗಲಾರೆ, ಬದಲಾಗಬೇಕಾದವನು ನೀನೇ ಎಂದು ಶಾಂತವಾಗಿ ತಿಳಿಸುತ್ತಾನೆ. ನಮ್ಮ ಪ್ರಸಾದನಿಲಯದಲ್ಲಿ ಬೆಳೆದು ಇಂದು ತಂದೆಯರಾಗಿರುವ ಹಳೆಯ ವಿದ್ಯಾರ್ಥಿಗಳೇ, ಅಂಥ ಮಗನನ್ನು ತಿದ್ದಿಸಲು ಇನ್ನು ನಮ್ಮಲ್ಲಿಗೆ ಕರೆತರಬೇಡಿರಿ. ಬರುವುದಾದರೆ ನೀವೇ ಬನ್ನಿರಿ; ತಂದೆಯೂ ಗುರುವೂ ಕೂಡಿ ಕಲಿಯಬೇಕಾದ ಪಾಠ ಇದಾಗಿದೆ.