ಗೋಪಿನಾಥ ಬೆಟ್ಟದ ಶಾಸನವನ್ನು ಯಾವ ವಿಭಾಗ ಓದಬೇಕು?

ನಮ್ಮ ವಿಶ್ವವಿದ್ಯಾನಿಲಯಗಳಿಗೆ ಅಮೆರಿಕ ಹೊಸದಲ್ಲ. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರ ಆರಂಭವಾಯಿತು. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಅಮೆರಿಕನ್ ಸಾಹಿತ್ಯವು ಒಂದು ಪತ್ರಿಕೆಯಾಗಿ ನೆಲೆಯೂರಿತು. ಆದರೆ ಆ ದೇಶದವರು ತಮ್ಮ ಸಂಸ್ಕೃತಿಯನ್ನು ತಾವೇ ಓದಿಕೊಂಡ ಬಗೆ ನಮ್ಮ ಪಠ್ಯಕ್ರಮದಲ್ಲಿ ಬೇರೂರಲಿಲ್ಲ. ಕಾದಂಬರಿಗಳನ್ನು ತಂದೆವು, ಕಾದಂಬರಿಯ ಜೊತೆಗೆ ಭೂಮಿಯ ಕಾನೂನನ್ನೂ ಓದುವ ಅಭ್ಯಾಸವನ್ನು ಅಲ್ಲಿಯೇ ಬಿಟ್ಟುಬಂದೆವು.

ಹಾರ್ವರ್ಡಿನಲ್ಲಿ ಅಮೆರಿಕನ್ ನಾಗರಿಕತೆಯ ಇತಿಹಾಸಕ್ಕೆಂದೇ ಡಾಕ್ಟರೇಟ್ ವ್ಯಾಸಂಗ ಮೊದಲಾದದ್ದು 1937ರಲ್ಲಿ. ಅಲ್ಲಿ ಮೊದಲಿಗೆ ಪದವಿ ಪಡೆದ ಹೆನ್ರಿ ನ್ಯಾಶ್ ಸ್ಮಿತ್ 1950ರಲ್ಲಿ ಪ್ರಕಟಿಸಿದ 'ವರ್ಜಿನ್ ಲ್ಯಾಂಡ್' ಗ್ರಂಥದಲ್ಲಿ ಅಗ್ಗದ ಸಾಹಸಕಥೆಗಳು, ಒಕ್ಕಲುತನದ ಕಲ್ಪನೆಗಳು, ಭೂಮಿ ಹಂಚಿಕೆಯ ಶಾಸನಗಳು ಒಂದೇ ವಿಚಾರಣೆಗೆ ಒಳಪಟ್ಟಿವೆ. ಪಶ್ಚಿಮದ ಬಯಲು ಅಮೆರಿಕನ್ನರ ಮನಸ್ಸಿನಲ್ಲಿ ಏನಾಗಿತ್ತು ಎಂಬುದು ಅವನ ಪ್ರಶ್ನೆ. ಪ್ರಶ್ನೆ ಮುಂದೆ ನಡೆಯಿತು, ವಿಭಾಗಗಳು ಹಿಂಬಾಲಿಸಿದವು. ನಮ್ಮಲ್ಲಿ ವಿಭಾಗ ಮುಂದೆ, ಪ್ರಶ್ನೆ ಹಿಂದೆ.

ಇದರ ಫಲವನ್ನು ಕಾಣಲು ಚಿಕ್ಕಬಳ್ಳಾಪುರದವರೆಗೆ ಬಂದರೆ ಸಾಕು. ನಂದಿಯ ಬಳಿಯ ಗೋಪಿನಾಥ ಬೆಟ್ಟದಲ್ಲಿ, ಸುಮಾರು 8ನೆಯ ಶತಮಾನದ್ದೆಂದು ಎಣಿಸಲಾದ ಸಂಸ್ಕೃತ ಶಾಸನವೊಂದಿದೆ. 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ದಾಶರಥಿ ರಾಮನು ಸ್ಥಾಪಿಸಿದ, ಮುಂದೆ ಪಾಂಡವಜನನಿ ಕುಂತಿ ನವೀಕರಿಸಿದ ಅರ್ಹತ್ಪರಮೇಶ್ವರನ ಚೈತ್ಯವಿದು ಎಂದು ಅದು ಸಾರುತ್ತದೆ. ಬೆಟ್ಟಕ್ಕೆ ಇಂದು ಗೋಪಿನಾಥನ ಹೆಸರು, ತಪ್ಪಲಲ್ಲಿ ಭೋಗನಂದೀಶ್ವರ. ಗಂಗರು ತಮ್ಮನ್ನು ನಂದಗಿರಿನಾಥರೆಂದು ಕರೆದುಕೊಂಡದ್ದು ಇದೇ ಸೀಮೆಯ ಹೆಸರಿನಿಂದ.

ಈ ಶಾಸನ ಯಾರ ಪಾಲಿಗೆ? ಕನ್ನಡ ಎಂ.ಎ. ವಿದ್ಯಾರ್ಥಿಗೆ ಇದು ಸಂಸ್ಕೃತ. ಇತಿಹಾಸದ ವಿದ್ಯಾರ್ಥಿಗೆ ರಾಮ, ಕುಂತಿಯರು ಪುರಾಣ, ಆದ್ದರಿಂದ ತ್ಯಾಜ್ಯ. ಸಂಸ್ಕೃತದವನಿಗೆ ಕಾವ್ಯಶಾಸ್ತ್ರವುಂಟು, ಜಿನಾಗಮವಿಲ್ಲ. ರಾಮಾಯಣ, ಭಾರತಗಳ ವ್ಯಕ್ತಿಗಳನ್ನು ಒಂದು ಜೈನ ಕ್ಷೇತ್ರ ತನ್ನ ಪೂರ್ವಜರನ್ನಾಗಿ ಏಕೆ ಮಾಡಿಕೊಂಡಿತು, ಬೆಟ್ಟದ ದೇವರು ಬದಲಾದಾಗ ಭೂಮಿ, ದತ್ತಿ, ಜನರ ನೆನಪು ಏನಾದವು ಎಂಬ ಪ್ರಶ್ನೆಗಳು ಮೂರು ಬಾಗಿಲುಗಳ ಹೊರಗೆ ನಿಂತಿವೆ.

ಮಿಕ್ಕ ಊರುಗಳ ಪಾಡೂ ಬೇರೆಯಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಎರಡು ಭಾಷಾವಿಭಾಗಗಳ ನಡುವಿನ ಓಣಿಯಲ್ಲಿ ಅವರು ನಿಂತುಬಿಡುತ್ತಾರೆ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿತು. ಸತ್ತವರೆಷ್ಟೆಂಬುದರಲ್ಲಿಯೇ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ನಾಗರಕಲ್ಲುಗಳ ಕ್ಷೇತ್ರವೊಂದು ಧ್ವಜದ ಕ್ಷೇತ್ರವಾದುದನ್ನು ಬರಿಯ ಕಡತ ಹೇಳಲಾರದು, ಬರಿಯ ಜಾನಪದವೂ ಹೇಳಲಾರದು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಬೆಳೆಗಾರನ ಮಾತು ಕನ್ನಡವೋ ತೆಲುಗೋ, ನೂಲು ಬಿಚ್ಚಾಣಿಕೆದಾರನದು ಉರ್ದು. ಗೂಡಿನೊಳಗಿನ ಜೀವವನ್ನು ಕೊಲ್ಲದೆ ಅಖಂಡ ಎಳೆ ಬಿಚ್ಚಿ ಬಾರದು; ಆ ಎಳೆಯ ಬಟ್ಟೆಯೇ ಮಡಿ. ಬೆಲೆ ಅರ್ಥಶಾಸ್ತ್ರಕ್ಕೆ, ಹುಳು ಪ್ರಾಣಿಶಾಸ್ತ್ರಕ್ಕೆ, ಮಾತು ಭಾಷಾಶಾಸ್ತ್ರಕ್ಕೆ ಹಂಚಿಹೋದರೆ ಹಿಂಸೆಯ ಪ್ರಶ್ನೆ ಯಾರ ಪಾಲಿಗೂ ಉಳಿಯುವುದಿಲ್ಲ.

ವಸ್ತು ಅನಂತಧರ್ಮಾತ್ಮಕ, ಒಂದು ನಯದಿಂದ ಕಂಡದ್ದನ್ನೇ ಸಮಗ್ರವೆಂದು ಹಟ ಹಿಡಿಯುವುದು ದುರ್ನಯ ಎಂದು ಜೈನ ತಾರ್ಕಿಕರು ಹೇಳಿದ್ದುಂಟು. ನಮ್ಮ ಸ್ನಾತಕೋತ್ತರ ವಿಭಾಗಗಳು ದುರ್ನಯವನ್ನೇ ವೇಳಾಪಟ್ಟಿ ಮಾಡಿಕೊಂಡಿವೆ.

ಎಲ್ಲವನ್ನೂ ಕಲಿಸಹೊರಟರೆ ಯಾವುದೂ ಆಳಕ್ಕಿಳಿಯದು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೂರು ಪಠ್ಯಗಳ ಚೂರುಗಳನ್ನು ಹೊಲಿದು ಹೊಸ ಹೆಸರಿಟ್ಟರೆ ಆಗುವುದು ಕೌದಿ. ಆದುದರಿಂದ ಶಿಸ್ತು ಕಠಿಣವಾಗಿರಲಿ: ಎರಡು ವರ್ಷ, ಒಂದು ಸ್ಥಳ, ಎರಡು ಭಾಷೆ, ಒಂದು ಹಳೆಯ ಲಿಪಿ, ಪ್ರಬಂಧವನ್ನು ಮೂರು ವಿಭಾಗಗಳ ಪರೀಕ್ಷಕರು ಒಟ್ಟಿಗೆ ಕುಳಿತು ಪರೀಕ್ಷಿಸಲಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನೂ ಒಳಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವಿದೆ. ಈ ಸೀಮೆಯ ಅಧ್ಯಯನ ಅಲ್ಲಿ ಆಗದಿದ್ದರೆ ಮತ್ತೆಲ್ಲಿ?

ಅಮೆರಿಕವನ್ನು ಓದಬೇಡಿ ಎನ್ನುತ್ತಿಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓಹಾಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, ಕಲಿತದ್ದನ್ನು ಈ ನೆಲದ ವಿದ್ಯಾರ್ಥಿಗಳಿಗೆ ತೆತ್ತರು. ಅಮೆರಿಕದವರಾದರೋ 1962ರಿಂದ, ನಮಗೆ ಮಾರಿದ ಧಾನ್ಯದ ಹಣದಿಂದಲೇ, ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ತಮ್ಮ ಗ್ರಂಥಾಲಯಗಳಿಗೆ ಸಾಗಿಸಿದರು. ನಂದಿಯ ಚರಿತ್ರೆ ಬೇಕಾದ ನಮ್ಮ ಮಕ್ಕಳು ನಾಳೆ ಆ ಕಪಾಟುಗಳ ಮುಂದೆಯೇ ಕೈಯೊಡ್ಡಿ ನಿಲ್ಲಬೇಕೇ? ಶಾಸನ ಇಲ್ಲಿದೆ, ಭಾಷೆಗಳು ಇನ್ನೂ ಜನರ ಬಾಯಲ್ಲಿವೆ. ವಿಭಾಗಗಳ ನಡುವಿನ ಗೋಡೆಯೊಂದನ್ನು ಕೆಡವಲು ಯಾವ ಸಾಗರವನ್ನೂ ದಾಟಬೇಕಿಲ್ಲ.