‘ಗೊತ್ತಿಲ್ಲ’ ಅನ್ನೋದೂ ಒಂದು ಉತ್ತರ

ಕ್ಲಾಸಿನಲ್ಲಿ ಯಾರಾದರೂ ‘ಗೊತ್ತಿಲ್ರಿ ಸಾರ್’ ಅಂದರೆ ನಾವು ಕಿಸಕ್ಕನೆ ನಗ್ತೀವಿ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತೀರಾ? ಈ ಒಗಟು ನೋಡಿ.

ಹಂಪಿಯ ಮಾತಂಗ ಬೆಟ್ಟದ ಮೆಟ್ಟಿಲ ಮೇಲೆ ಮೂವರು ಒಬ್ಬರ ಹಿಂದೊಬ್ಬರು ಕೆಳಗೆ ಮುಖ ಮಾಡಿ ಕೂತಿದ್ದಾರೆ ಅನ್ನಿ. ಇರೋದು 3 ಕೆಂಪು, 2 ಬಿಳಿ ಟೊಪ್ಪಿಗೆ. ಇದು ಮೂವರಿಗೂ ಗೊತ್ತು. ಕಣ್ಣು ಮುಚ್ಚಿಸಿ ಒಂದೊಂದು ಹಾಕಿ, ಉಳಿದ ಎರಡನ್ನು ಬಚ್ಚಿಟ್ಟರು. ಕಣ್ಣು ಬಿಟ್ಟಾಗ ತನ್ನದು ಕಾಣದು, ಕೆಳಗಿನವರದು ಮಾತ್ರ ಕಾಣುತ್ತೆ.

ಮೇಲಿನವನು ‘ನನ್ನ ಬಣ್ಣ ಗೊತ್ತಿಲ್ಲ’ ಅಂದ. ಅಂದಮೇಲೆ ಕೆಳಗಿನ ಎರಡೂ ಬಿಳಿ ಅಲ್ಲ. ನಡುವಿನವನೂ ‘ಗೊತ್ತಿಲ್ಲ’ ಅಂದ. ಕೆಳಗಿನದು ಬಿಳಿ ಆಗಿದ್ದರೆ ತನ್ನದು ಕೆಂಪು ಅಂತ ಅವನಿಗೆ ತಿಳೀತಿತ್ತು. ಆಗ ಏನೂ ಕಾಣದ ಕೆಳಗಿನವಳು ‘ನನ್ನದು ಕೆಂಪು!’ ಅಂದಳು.

2015ರಲ್ಲಿ ಸಿಂಗಪುರದ ಗಣಿತ ಸ್ಪರ್ಧೆಯ ಒಂದು ಪ್ರಶ್ನೆ ಲೋಕವೆಲ್ಲ ಸುತ್ತಿತು. 10 ತಾರೀಖಿನಲ್ಲಿ ಒಬ್ಬಳ ಹುಟ್ಟಿದ ದಿನ ಹುಡುಕಬೇಕಿತ್ತು. ಅಲ್ಲೂ ‘ಗೊತ್ತಿಲ್ಲ’ ಅನ್ನೋ ಮಾತೇ ಸುಳಿವು.

ಮೇಲಿನ ಇಬ್ಬರು ನಾಚಿಕೊಂಡು ಬಾಯಿಗೆ ಬಂದ ಬಣ್ಣ ಹೇಳಿದ್ದರೆ ಕೆಳಗಿನವಳಿಗೆ ದಾರಿಯೇ ಇರ್ತಿರಲಿಲ್ಲ. ಆದ್ದರಿಂದ ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹೇಳೋಣ, ಹೇಳಿದವರನ್ನು ನೋಡಿ ನಗೋದು ಬಿಡೋಣ. ನೀವೇನಂತೀರಿ?