ಸಮಾನ ವೇತನವೂ ಅಸಮಾನ ಅವಕಾಶವೂ

2025ರ ನವೆಂಬರ್ 2ನೆಯ ತಾರೀಖಿನಂದು ನವೀ ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಭಾರತದ ವನಿತೆಯರು ದಕ್ಷಿಣ ಆಫ್ರಿಕಾದವರನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಪ್ರಥಮ ಬಾರಿಗೆ ಗೆದ್ದುಕೊಂಡರು. 2005ರಲ್ಲಿಯೂ 2017ರಲ್ಲಿಯೂ ಅಂತಿಮ ಪಂದ್ಯದವರೆಗೆ ಬಂದು ಕೈತಪ್ಪಿದ ಫಲವು ಈ ಸಲ ಕೈಗೂಡಿದುದು ದೇಶಕ್ಕೆಲ್ಲ ಅಭಿಮಾನದ ಸಂಗತಿ. ಶ್ರೀಮತಿ ಹರ್ಮನ್‌ಪ್ರೀತ್ ಕೌರ್ ಅವರ ನಾಯಕತ್ವಕ್ಕೆ ಸಂದ ಪ್ರಶಂಸೆಯು ಸರ್ವಥಾ ಯುಕ್ತವಾದುದು. ಆದರೆ ಜಯಘೋಷವು ಅಡಗಿದ ಮೇಲೆ ಲೆಕ್ಕವನ್ನು ನೋಡುವುದು ಪತ್ರಿಕೆಗಳ ಧರ್ಮವಾಗಿದೆ.

ಸ್ತ್ರೀಯರ ಕ್ರಿಕೆಟ್ಟು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅವರ ಮೊದಲನೆಯ ವಿಶ್ವಕಪ್ ಸ್ಪರ್ಧೆಯು 1973ರಲ್ಲಿಯೇ ನಡೆಯಿತು. ಪುರುಷರದು ಅದಕ್ಕೆ ಎರಡು ವರ್ಷ ಕಿರಿಯದು. 1976ರಲ್ಲಿ ಭಾರತದ ವನಿತೆಯರು ತಮ್ಮ ಪ್ರಥಮ ಟೆಸ್ಟ್ ಪಂದ್ಯವನ್ನು ಆಡಿದುದು ನಮ್ಮ ಬೆಂಗಳೂರಿನಲ್ಲಿ. ಆಗ ನಾಯಕಿಯಾಗಿದ್ದವರು ಈ ಊರಿನವರೇ ಆದ ಶ್ರೀಮತಿ ಶಾಂತಾ ರಂಗಸ್ವಾಮಿಯವರು. ಪುರುಷರ ಆಟವನ್ನು ನಡೆಯಿಸುವ ಕ್ರಿಕೆಟ್ ನಿಯಂತ್ರಣ ಮಂಡಲಿಯವರು ವನಿತೆಯರ ಆಟವನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡುದು 2006ರಲ್ಲಿ. ಅಲ್ಲಿಯವರೆಗೆ ಮೂವತ್ತು ವರ್ಷಗಳ ಕಾಲ ಈ ಆಟವನ್ನು ಉಳಿಸಿದುದು ಆಟಗಾರ್ತಿಯರ ಮತ್ತು ಕೆಲವು ಹಿತೈಷಿಗಳ ಹಠವೇ ಹೊರತು ಹಣವಲ್ಲ.

2022ರ ಅಕ್ಟೋಬರಿನಲ್ಲಿ ಮಂಡಲಿಯವರು ಸ್ತ್ರೀಪುರುಷರಿಗೆ ಪಂದ್ಯವೊಂದಕ್ಕೆ ಸಮಾನ ವೇತನವನ್ನು ಘೋಷಿಸಿದರು. ಟೆಸ್ಟಿಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿ. ಈ ನಿರ್ಣಯವು ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೇತನವು ಪಂದ್ಯವೊಂದಕ್ಕೆ ಇಷ್ಟೆಂದು ಗೊತ್ತಾಗಿರುವಾಗ, ಪಂದ್ಯಗಳೆಷ್ಟು ಎಂಬುದೇ ಮುಖ್ಯ ಪ್ರಶ್ನೆಯಾಗುವುದು. 2024ರಲ್ಲಿ ನಮ್ಮ ಪುರುಷರು 15 ಟೆಸ್ಟ್‌ಗಳನ್ನು ಆಡಿದರು. ವನಿತೆಯರು ಆಡಿದುದು ಚೆನ್ನೈಯಲ್ಲಿ ಒಂದೇ ಒಂದು. ಎಲ್ಲ ಪಂದ್ಯಗಳಲ್ಲಿಯೂ ಆಡಿದ ಪುರುಷನಿಗೆ 2 ಕೋಟಿ 25 ಲಕ್ಷ ಸಲ್ಲುವಲ್ಲಿ, ಎಲ್ಲ ಪಂದ್ಯಗಳಲ್ಲಿಯೂ ಆಡಿದ ಸ್ತ್ರೀಗೆ 15 ಲಕ್ಷ. ದರವು ಸಮಾನ, ಮೊತ್ತವು ಹದಿನೈದರಲ್ಲಿ ಒಂದು ಪಾಲು! ಎಲೆ ಹಾಕಿದ ಮಾತ್ರಕ್ಕೆ ಊಟವಾಯಿತೆಂದು ಹೇಳಲಾದೀತೆ?

ಇದಕ್ಕಿಂತಲೂ ವಿಷಾದಕರವಾದ ಸಂಗತಿಯಿದೆ. 2014ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಇನ್ನಿಂಗ್ಸ್ ಜಯವನ್ನು ಪಡೆದ ತಂಡಕ್ಕೆ ಮುಂದಿನ ಟೆಸ್ಟ್ ದೊರೆತುದು 2021ರ ಜೂನಿನಲ್ಲಿ, ಬ್ರಿಸ್ಟಲ್ಲಿನಲ್ಲಿ. ಗೆದ್ದವರಿಗೆ ಆರೂವರೆ ವರ್ಷಗಳ ವನವಾಸ! ಒಪ್ಪಂದದ ವಾರ್ಷಿಕ ವೇತನದಲ್ಲಿಯೂ ಇದೇ ನ್ಯಾಯ. 2024-25ನೆಯ ಸಾಲಿನಲ್ಲಿ ಅತ್ಯುಚ್ಚ ದರ್ಜೆಯ ಪುರುಷನಿಗೆ 7 ಕೋಟಿ, ಕಟ್ಟಕಡೆಯ ದರ್ಜೆಯವನಿಗೆ 1 ಕೋಟಿ. ಅತ್ಯುಚ್ಚ ದರ್ಜೆಯ ಸ್ತ್ರೀಗೆ 50 ಲಕ್ಷ.

ಪ್ರೇಕ್ಷಕರನ್ನೂ ವರಮಾನವನ್ನೂ ತರುವವರಿಗೆ ಹೆಚ್ಚು ಕೊಡುವುದು ವ್ಯಾಪಾರಧರ್ಮವೆಂದು ಕೆಲವರು ವಾದಿಸುವರು. ಈ ವಾದವು ತೀರ ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಬಿತ್ತದ ಹೊಲದಲ್ಲಿ ಬೆಳೆಯಿಲ್ಲವೆಂದು ಭೂಮಿಯನ್ನು ದೂರುವುದು ಯಾವ ನ್ಯಾಯ? 2023ರಲ್ಲಿ ವನಿತೆಯರ ಲೀಗ್ ಆರಂಭವಾದಾಗ ಐದು ತಂಡಗಳ ಹಕ್ಕಿಗಾಗಿ ವರ್ತಕರು ಒಟ್ಟು 4,669 ಕೋಟಿಗೂ ಮಿಕ್ಕಿ ಹಣ ತೆತ್ತರು. ಬೆಂಗಳೂರಿನ ಹೆಸರಿನ ತಂಡಕ್ಕೆ ಮೊದಲ ಕಪ್ಪನ್ನು ತಂದುಕೊಟ್ಟವರು 2024ರಲ್ಲಿ ವನಿತೆಯರೇ. ಪುರುಷರು ಗೆದ್ದುದು ಮರುವರ್ಷ. ಅವಕಾಶವು ಮೊದಲು, ವರಮಾನವು ಅನಂತರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡಿಗರು ಯೋಚಿಸಬೇಕಾದ ಇನ್ನೊಂದು ವಿಷಯವುಂಟು. 2017ರ ಅಂತಿಮ ಪಂದ್ಯವನ್ನಾಡಿದ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿಯವರೂ ವಿಜಯಪುರದ ರಾಜೇಶ್ವರಿ ಗಾಯಕವಾಡರೂ ಇದ್ದರು. 2025ರಲ್ಲಿ ಗೆದ್ದ ತಂಡದಲ್ಲಿ ಕರ್ನಾಟಕದ ಆಟಗಾರ್ತಿ ಒಬ್ಬಳೂ ಇರಲಿಲ್ಲ. ಮೊದಲ ನಾಯಕಿಯನ್ನು ಕೊಟ್ಟ ನಾಡು ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಕಡೂರು ವಿಜಯಪುರಗಳಂತಹ ಊರುಗಳಲ್ಲಿ ಹೆಣ್ಣುಮಗಳೊಬ್ಬಳು ಬ್ಯಾಟು ಹಿಡಿಯಬೇಕಾದರೆ ಸಂಜೆ ಆಡಲು ಮೈದಾನ, ಕಲಿಸುವವರು, ಸುರಕ್ಷಿತವಾಗಿ ಮನೆಗೆ ಮರಳುವ ಅನುಕೂಲ ಇವಿಷ್ಟು ಬೇಕು. ಇವು ಮುಂಬಯಿಯ ಮಂಡಲಿಯ ಕೈಯಲ್ಲಿಲ್ಲ. ನಮ್ಮ ಪುರಸಭೆ, ಶಾಲೆ, ಇಲಾಖೆಗಳ ಕೈಯಲ್ಲಿವೆ.

ಆದುದರಿಂದ ಮಂಡಲಿಯವರು ಪ್ರತಿವರ್ಷ ವನಿತೆಯರಿಗೆ ಇಷ್ಟು ಟೆಸ್ಟ್‌ಗಳೆಂದು ನಿಶ್ಚಯಿಸಿ ಮುಂಚಿತವಾಗಿ ಪ್ರಕಟಿಸತಕ್ಕದ್ದು. ನಮ್ಮ ಅಧಿಕಾರಿಗಳು ಪ್ರತಿಯೊಂದು ತಾಲ್ಲೂಕಿನ ಮೈದಾನದಲ್ಲಿಯೂ ಬಾಲಿಕೆಯರಿಗೆ ಗೊತ್ತಾದ ವೇಳೆಯನ್ನು ಕಾದಿರಿಸತಕ್ಕದ್ದು. ನಮ್ಮ ವಾಚಕರಾದ ತಂದೆತಾಯಿಗಳು ಮಾಡಬೇಕಾದುದು ಇವೆರಡಕ್ಕಿಂತಲೂ ಸುಲಭ: ಮಗಳು ಆಡುವೆನೆಂದಾಗ ಬೇಡವೆನ್ನದಿದ್ದರೆ ಸಾಕು.